ಗಾಡಿ ಹೆಚ್ಚು ಪೆಟ್ರೋಲು ಕುಡಿಯುವುದೇಕೆ?

ಮೋಟಾರು ಗಾಡಿಯೊಂದು ಎಂದಿಗಿಂತ ಹೆಚ್ಚು ಪೆಟ್ರೋಲನ್ನು ಬೇಡತೊಡಗಿದರೆ ಮೊದಲು ಸಂಶಯಕ್ಕೆ ಗುರಿಯಾಗುವವನು ಅದರ ಚಾಲಕ. ಗಾಡಿಗೆ ಬಾಯಿಲ್ಲ, ಚಾಲಕನಿಗೆ ಬಾಯಿದ್ದರೂ ಅವನ ಮಾತಿಗೆ ಬೆಲೆ ಕಡಿಮೆ. 2025ರ ಸೆಪ್ಟೆಂಬರಿನಲ್ಲಿ ಸೇರಿದ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದೇ ಪ್ರಸಂಗ ಒದಗಿತು. ತಾಳವಾಡಿಯ ಸುತ್ತಲಿನ ಹಳ್ಳಿಗಳಿಂದ ಚಿಕ್ಕ ತರಗತಿಗಳ ಮಕ್ಕಳನ್ನು ಕರೆತರುವ ಸಂಘದ ವ್ಯಾನು ಮೊದಲು ಲೀಟರೊಂದಕ್ಕೆ 14 ಕಿಲೋಮೀಟರು ಓಡುತ್ತಿದ್ದುದು, ಜೂನ್ ತಿಂಗಳಿಂದೀಚೆಗೆ ಹತ್ತೂವರೆಗೆ ಇಳಿದಿದೆಯೆಂದು ಖಜಾಂಚಿಗಳು ಲೆಕ್ಕ ಒಪ್ಪಿಸಿದರು. ಲೀಟರಿಗೆ ನೂರು ರೂಪಾಯಿ ಮೀರಿದ ದರದಲ್ಲಿ ತಿಂಗಳಿಗೆ ಮೂರು ಸಾವಿರ ರೂಪಾಯಿಗೂ ಮಿಕ್ಕ ಹೆಚ್ಚುವರಿ ವೆಚ್ಚ. ದಾನಿಗಳ ಹಣದಿಂದ ನಡೆಯುವ ಸಂಸ್ಥೆಗೆ ಇದು ಅಲ್ಪ ಮೊತ್ತವಲ್ಲ. ಚಾಲಕನನ್ನು ಬದಲಾಯಿಸುವುದೇ ಲೇಸೆಂದು ಇಬ್ಬರು ಸದಸ್ಯರು ನುಡಿದರು. ಉಳಿದವರು ಮೌನವಾಗಿದ್ದರು. ಆ ಮೌನದಲ್ಲಿ ನಮ್ಮದೂ ಒಂದಂಶವಿತ್ತೆಂದು ಒಪ್ಪಿಕೊಳ್ಳಬೇಕು. ಕೊನೆಗೆ ಒಂದು ತಿಂಗಳ ಅವಧಿ ಬೇಡಿ, ಕಾರಣವನ್ನು ಹುಡುಕುವ ಹೊಣೆಯನ್ನು ನಾವೇ ಹೊತ್ತೆವು. ಹತ್ತನೆಯ ತರಗತಿಯ ಕೆಲವು ವಿದ್ಯಾರ್ಥಿಗಳು ಲೆಕ್ಕ ಬರೆಯಲು ಜೊತೆಗೂಡಿದರು. ಸ್ವಂತ ಕಾರನ್ನೋ ಎಲೆಕೋಸು ಸಾಗಿಸುವ ಸಣ್ಣ ಲಾರಿಯನ್ನೋ ಇಟ್ಟುಕೊಂಡಿರುವ ಪಾಲಕರು ನಮ್ಮಲ್ಲಿ ಅನೇಕರಿರುವುದರಿಂದ, ಆ ಹುಡುಕಾಟದಲ್ಲಿ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಎಲ್ಲಕ್ಕಿಂತ ಮೊದಲು, ಖರ್ಚು ನಿಜವಾಗಿಯೂ ಹೆಚ್ಚಿದೆಯೇ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಖಜಾಂಚಿಗಳ ಲೆಕ್ಕ ಸರಳವಾಗಿತ್ತು. ಮೂರು ತಿಂಗಳಲ್ಲಿ ಗಾಡಿ ಓಡಿದ್ದು 3,960 ಕಿಲೋಮೀಟರು, ಕೊಂಡ ಪೆಟ್ರೋಲು 377 ಲೀಟರು, ಭಾಗಿಸಿದರೆ ಹತ್ತೂವರೆ. ಭಾಗಾಕಾರದಲ್ಲಿ ದೋಷವಿಲ್ಲ. ಆದರೆ ಕೊಂಡ ಪೆಟ್ರೋಲೆಲ್ಲವೂ ಉರಿದ ಪೆಟ್ರೋಲೇ ಎಂದು ಅದರಲ್ಲಿ ಭಾವಿಸಲಾಗಿತ್ತು. ರಜೆ ಮುಗಿದು ಶಾಲೆ ಪ್ರಾರಂಭವಾದ ದಿನ ಗಾಡಿಯ ಟ್ಯಾಂಕು ಬಹುಮಟ್ಟಿಗೆ ಬರಿದಾಗಿತ್ತು. ಆಗಸ್ಟಿನ ಕೊನೆಯ ದಿನ ಅದು ತುಂಬಿತ್ತು. ಅಂದರೆ ಕಳುವಾಯಿತೆಂದು ಶಂಕಿಸಿದ ಪೆಟ್ರೋಲಿನಲ್ಲಿ ಇಪ್ಪತ್ತಮೂರು ಲೀಟರಿನಷ್ಟು ಟ್ಯಾಂಕಿನೊಳಗೇ ನಿಶ್ಚಿಂತೆಯಿಂದ ಕುಳಿತಿತ್ತು!

ಸರಿಯಾದ ಕ್ರಮ ಇಂತಿದೆ. ಪೆಟ್ರೋಲ್ ಬಂಕಿನಲ್ಲಿ ನಳಿಗೆಯು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಓಡಿದ ದೂರದ ಅಂಕಿಯನ್ನು ಬರೆದಿಡಬೇಕು. ಕೆಲವು ನೂರು ಕಿಲೋಮೀಟರು ಓಡಿಸಿದ ಬಳಿಕ ಅದೇ ಬಂಕಿಗೆ ಹೋಗಿ, ಸಾಧ್ಯವಾದರೆ ಅದೇ ಯಂತ್ರದ ಮುಂದೆ ಗಾಡಿಯನ್ನು ಅದೇ ಸಮತಲದಲ್ಲಿ ನಿಲ್ಲಿಸಿ, ಪುನಃ ನಳಿಗೆ ತಾನಾಗಿ ನಿಲ್ಲುವವರೆಗೆ ತುಂಬಿಸಬೇಕು. ಎರಡನೆಯ ಸಲ ಹಿಡಿಸಿದ ಪೆಟ್ರೋಲೇ ನಡುವೆ ಉರಿದ ಪೆಟ್ರೋಲು. ಒಂದೇ ಸಲದ ಅಳತೆಯನ್ನು ನೆಚ್ಚಬಾರದು. ಮೂರು ಸಲದ ಮೊತ್ತ ತೆಗೆದುಕೊಂಡರೆ ನಳಿಗೆಯ ಚಾಂಚಲ್ಯವು ಬಹುತೇಕ ಮರೆಯಾಗುತ್ತದೆ. ಹೊಸ ಕಾರುಗಳ ಫಲಕದ ಮೇಲೆ ತಾನಾಗಿ ಮೂಡುವ ಮೈಲೇಜಿನ ಅಂಕಿ ಅನೇಕ ವೇಳೆ ಒಡೆಯನ ಮನಸ್ಸನ್ನು ಸಂತೋಷಪಡಿಸುವಂತಹುದು. ಅದನ್ನು ಪ್ರಮಾಣವೆಂದು ಎಣಿಸಲಾಗದು.

ಚಾಲಕರೇ ಬಯಸಿದ್ದರಿಂದ ಆ ದಿನಗಳಲ್ಲಿ ಗಾಡಿಯ ಕೀಲಿಕೈ ರಾತ್ರಿ ನಮ್ಮ ಬಳಿ ಇರುತ್ತಿತ್ತು. ಪೆಟ್ರೋಲು ತುಂಬಿಸುವಾಗ ನಾವು ಪಕ್ಕದಲ್ಲಿರುತ್ತಿದ್ದೆವು. ಮೂರು ಸಲದ ಮೊತ್ತ 902 ಕಿಲೋಮೀಟರು, 80.5 ಲೀಟರು. ಅಂದರೆ ಲೀಟರಿಗೆ 11.2. ಹತ್ತೂವರೆಯಲ್ಲ, ಆದರೆ ಹದಿನಾಲ್ಕೂ ಅಲ್ಲ. ನಮ್ಮ ಕಣ್ಣೆದುರಿಗೇ ಗಾಡಿ ಹೆಚ್ಚು ಕುಡಿಯುತ್ತಿತ್ತು. ಕಳವಿನ ಮಾತು ಅಲ್ಲಿಗೇ ನಿಂತಿತು. ಇನ್ನು ರೋಗವನ್ನು ಗಾಡಿಯಲ್ಲಿಯೇ ಹುಡುಕಬೇಕಾಯಿತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸತಕ್ಕ ಒಂದು ಗಣಿತದ ಅಂಶವಿದೆ. ಲೀಟರಿಗೆ ಇಷ್ಟು ಕಿಲೋಮೀಟರೆಂಬ ಅಂಕಿಗಳನ್ನು ಕೂಡಿಸಿ ಕಳೆದು ಕಾರಣಗಳನ್ನು ತೂಗಲು ಬರುವುದಿಲ್ಲ. ಅದನ್ನು ತಿರುಗಿಸಿ, ನೂರು ಕಿಲೋಮೀಟರಿಗೆ ಎಷ್ಟು ಲೀಟರೆಂದು ಬರೆದುಕೊಳ್ಳಬೇಕು. ಹದಿನಾಲ್ಕರ ಲೆಕ್ಕದಲ್ಲಿ ನೂರು ಕಿಲೋಮೀಟರಿಗೆ 7.1 ಲೀಟರು; 11.2ರ ಲೆಕ್ಕದಲ್ಲಿ 8.9 ಲೀಟರು. ವ್ಯತ್ಯಾಸ 1.8 ಲೀಟರು. ಈ 1.8 ಲೀಟರು ನಮ್ಮ ಸಾಲ. ಯಾರು ಯಾರು ಎಷ್ಟೆಷ್ಟು ತಿಂದರೆಂದು ಕಂಡುಹಿಡಿದು ಈ ಸಾಲವನ್ನು ತೀರಿಸಬೇಕು. ಅರ್ಧ ಪಾವು ತಿನ್ನಬಲ್ಲ ದೋಷವನ್ನು ಹಿಡಿದು ತಂದು, ಪೂರ್ತಿ ಸಾಲವನ್ನು ಅದರ ತಲೆಯ ಮೇಲೆ ಹೊರಿಸುವುದು ಗರಾಜುಗಳಲ್ಲಿ ನಿತ್ಯವೂ ನಡೆಯುವ ತಪ್ಪು.

ಪೆಟ್ರೋಲಿನ ಶಕ್ತಿ ಎಲ್ಲಿಗೆ ಹೋಗುವುದೆಂಬುದನ್ನೂ ತಿಳಿದಿರಬೇಕು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೂಲುಗಳಷ್ಟು ಶಕ್ತಿಯಿದೆ. ಇದರಲ್ಲಿ ಚಕ್ರಗಳಿಗೆ ಮುಟ್ಟುವುದು ಸ್ಥೂಲವಾಗಿ ಕಾಲು ಭಾಗ ಮಾತ್ರ; ಉಳಿದುದು ಹೊಗೆಯ ಕೊಳವೆಯಿಂದಲೂ ರೇಡಿಯೇಟರಿನಿಂದಲೂ ಬಿಸಿಯಾಗಿ ಹೊರಟುಹೋಗುತ್ತದೆ. ಚಕ್ರಕ್ಕೆ ಮುಟ್ಟಿದ ಕಾಲು ಭಾಗವನ್ನು ಹಂಚಿಕೊಳ್ಳಲು ಗಾಳಿಯ ತಡೆ, ಟೈರುಗಳ ಉರುಳುವಿಕೆಯ ತಡೆ, ಏರುದಾರಿ ಮತ್ತು ಬ್ರೇಕು ಕಾದು ನಿಂತಿರುತ್ತವೆ.

ಮೊದಲನೆಯ ಆರೋಪಿ ಪೆಟ್ರೋಲೇ. ಇಂದು ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಎಥನಾಲು ಬೆರೆತಿದೆ. ನಮ್ಮ ದೇಶದಲ್ಲಿ ಈ ಬೆರಕೆಯ ಪ್ರಮಾಣ 2025ರಲ್ಲಿ ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಲೀಟರು ಲೀಟರಿಗೆ ತೂಗಿದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಶಕ್ತಿ ಕಡಿಮೆ. ಆದಕಾರಣ ಮೈಲೇಜು ಕೊಂಚ ತಗ್ಗುವುದು ಸಹಜ. 2021ರಲ್ಲಿ ನೀತಿ ಆಯೋಗವು ಪ್ರಕಟಿಸಿದ ವರದಿಯಲ್ಲಿ, ಹಳೆಯ ವಿನ್ಯಾಸದ ನಾಲ್ಕು ಚಕ್ರದ ಗಾಡಿಗಳಿಗೆ ಇದರಿಂದ ಶೇಕಡಾ 6ರಿಂದ 7ರವರೆಗೆ ನಷ್ಟವಾಗಬಹುದೆಂದೂ, ಹೊಸ ಬೆರಕೆಗೆ ಹೊಂದಿಸಿದ ಗಾಡಿಗಳಿಗೆ ಶೇಕಡಾ 1ರಿಂದ 2ರಷ್ಟೇ ಎಂದೂ ಅಂದಾಜು ಮಾಡಲಾಗಿತ್ತು. ನಮ್ಮ ವ್ಯಾನು 2014ರದು. ಹೆಚ್ಚಿನ ಅಂಕಿಯನ್ನೇ ಹಿಡಿದರೂ ನೂರು ಕಿಲೋಮೀಟರಿಗೆ ಅರ್ಧ ಲೀಟರಿನಷ್ಟಾಯಿತು. ಸಾಲವು 1.8 ಲೀಟರು. ಎಲ್ಲ ಕೆಡುಕಿಗೂ ಬೆರಕೆ ಪೆಟ್ರೋಲೇ ಮೂಲವೆನ್ನುವವರು ನಮ್ಮ ಪೇಟೆಯಲ್ಲಿ ಬಹುಮಂದಿ ಇದ್ದಾರೆ. ಅವರು ಪೂರ್ತಿ ತಪ್ಪಿಲ್ಲ, ಆದರೆ ಕಾಲು ಭಾಗವಷ್ಟೇ ಸರಿ.

ಎರಡನೆಯದಾಗಿ ಟೈರುಗಳು. ಬೆಳಗ್ಗೆ ಗಾಡಿ ಹೊರಡುವುದಕ್ಕೆ ಮುಂಚೆ, ಟೈರು ತಣ್ಣಗಿರುವಾಗ ಗಾಳಿಯನ್ನು ಅಳೆಯಬೇಕು. ಓಡಿ ಬಂದ ಟೈರಿನೊಳಗಿನ ಗಾಳಿ ಬಿಸಿಯಾಗಿ ಉಬ್ಬಿರುವುದರಿಂದ ಅಳತೆ ಹೆಚ್ಚು ತೋರುತ್ತದೆ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿಯೋ ಗಾಡಿಯ ಕೈಪಿಡಿಯಲ್ಲಿಯೋ ಇರುತ್ತದೆ. ನಮ್ಮ ಗಾಡಿಯಲ್ಲಿ ಮೂವತ್ತು ಪೌಂಡು ಇರಬೇಕಾದಲ್ಲಿ ಇಪ್ಪತ್ತೆರಡೇ ಇತ್ತು. ಗಾಳಿ ಒಂದು ಪೌಂಡು ಇಳಿದರೆ ಶೇಕಡಾ 0.2ರಷ್ಟು ಇಂಧನ ಹೆಚ್ಚು ಬೇಕಾಗುತ್ತದೆಂಬುದು ಪರೀಕ್ಷೆಗಳಿಂದ ತಿಳಿದ ಸರಾಸರಿ. ಎಂಟು ಪೌಂಡಿಗೆ ಶೇಕಡಾ ಒಂದೂವರೆಯಿಂದ ಎರಡರವರೆಗೆ ಆಯಿತು. ಸಾಲದಲ್ಲಿ ಹತ್ತನೆಯ ಒಂದು ಲೀಟರಿನಷ್ಟು ಮಾತ್ರ ತೀರಿತು. ಆದರೂ ಗಾಳಿ ಕಡಿಮೆಯಿದ್ದ ಟೈರು ಅಂಚುಗಳಲ್ಲಿ ಬೇಗ ಸವೆಯುವುದರಿಂದಲೂ, ಘಟ್ಟದ ತಿರುವುಗಳಲ್ಲಿ ಹಿಡಿತ ತಪ್ಪುವುದರಿಂದಲೂ ಇದನ್ನು ಅಲಕ್ಷಿಸಬಾರದು.

ಗಾಳಿ ಶೋಧಕವು ಕಟ್ಟಿಕೊಂಡಿರಬಹುದೆಂದು ಒಬ್ಬ ಮೆಕ್ಯಾನಿಕರು ಹೇಳಿದರು. ಕಾರ್ಬುರೇಟರು ಇದ್ದ ಕಾಲದ ಗಾಡಿಗಳಲ್ಲಿ ಇದು ನಿಜವಾಗಿತ್ತು: ಗಾಳಿ ಕಡಿಮೆಯಾದರೂ ಪೆಟ್ರೋಲು ಮೊದಲಿನಂತೆಯೇ ಹರಿದು ಮಿಶ್ರಣ ದಪ್ಪವಾಗುತ್ತಿತ್ತು. ಈಗಿನ ಗಾಡಿಗಳಲ್ಲಿ ಒಳಗೆ ಬಂದ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲನ್ನು ಸಿಡಿಸುವ ವ್ಯವಸ್ಥೆಯಿದೆ. ಆದುದರಿಂದ ಕೊಳೆಯಾದ ಶೋಧಕವು ಗಾಡಿಯ ಓಟದ ಹುರುಪನ್ನು ತಗ್ಗಿಸುವುದೇ ಹೊರತು ಮೈಲೇಜನ್ನು ಅಷ್ಟಾಗಿ ಕೆಡಿಸುವುದಿಲ್ಲ. ಧೂಳು ಎಂಜಿನನ್ನು ಸವೆಸದಂತೆ ಅದನ್ನು ಬದಲಾಯಿಸಿದೆವು. ಮೈಲೇಜು ಒಂದು ಅಂಶವೂ ಏರಲಿಲ್ಲ.

ಎಂಜಿನಿನ ಒಳರೋಗಗಳಲ್ಲಿ ಅತ್ಯಂತ ದುಬಾರಿಯಾದುದು ಆಕ್ಸಿಜನ್ ಸಂವೇದಕದ ಕೆಡಕು. ಒಂದು ಕಿಲೋಗ್ರಾಮು ಪೆಟ್ರೋಲು ಸಂಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಮು ಗಾಳಿ ಬೇಕು. ಹೊಗೆಯ ಕೊಳವೆಯಲ್ಲಿ ಕುಳಿತಿರುವ ಈ ಚಿಕ್ಕ ಸಂವೇದಕವು, ಹೊರಬರುವ ಅನಿಲದಲ್ಲಿ ಆಮ್ಲಜನಕ ಉಳಿದಿದೆಯೇ ಎಂದು ಮೂಸಿ ನೋಡಿ ಎಂಜಿನಿನ ಕಂಪ್ಯೂಟರಿಗೆ ವರದಿ ಕಳುಹಿಸುತ್ತದೆ. ಅದರಂತೆ ಪೆಟ್ರೋಲಿನ ಪ್ರಮಾಣ ಹೆಚ್ಚುಕಡಿಮೆಯಾಗುತ್ತದೆ. ಸಂವೇದಕ ಸುಳ್ಳು ಹೇಳತೊಡಗಿದರೆ ಕಂಪ್ಯೂಟರು ಪಾಪ, ನಂಬಿ ಮೋಸಹೋಗುತ್ತದೆ. ಅತಿ ಕೆಟ್ಟ ಸಂದರ್ಭಗಳಲ್ಲಿ ಇದನ್ನು ಸರಿಪಡಿಸಿದ ಮೇಲೆ ಮೈಲೇಜು ಶೇಕಡಾ 40ರವರೆಗೆ ಸುಧಾರಿಸಿದ್ದುಂಟು. ಇದರ ಗುರುತುಗಳು ಸ್ಪಷ್ಟ: ಹೊಗೆ ಕೊಳವೆಯ ಬಾಯಿಯಲ್ಲಿ ಕರಿಮಸಿ, ಹಸಿ ಪೆಟ್ರೋಲಿನ ವಾಸನೆ, ಫಲಕದ ಮೇಲೆ ಎಂಜಿನಿನ ಆಕಾರದ ಹಳದಿ ದೀಪ. ಆ ದೀಪ ಕಣ್ಣಿಗೆ ತೊಂದರೆಯೆಂದು ಅದರ ಮೇಲೆ ಅಂಟುಪಟ್ಟಿ ಹಚ್ಚಿದ ಮಹನೀಯರನ್ನೂ ನಾವು ಬಲ್ಲೆವು. ಇದನ್ನು ಪರೀಕ್ಷಿಸಲು ಗಾಡಿಯನ್ನು ಬಿಚ್ಚಬೇಕಾಗಿಲ್ಲ. ಚಾಲಕನ ಮೊಣಕಾಲಿನ ಮೇಲ್ಭಾಗದಲ್ಲಿರುವ ರಂಧ್ರಕ್ಕೆ ಸ್ಕ್ಯಾನರನ್ನು ಜೋಡಿಸಿದರೆ ಕಂಪ್ಯೂಟರು ತನ್ನ ದೂರುಗಳನ್ನು ತಾನೇ ಹೇಳುತ್ತದೆ. ನಮ್ಮ ಗಾಡಿ ಯಾವ ದೂರನ್ನೂ ಹೇಳಲಿಲ್ಲ. ಎಂಜಿನಿನ ಉಷ್ಣಮಾಪಕವೂ ಹತ್ತೇ ನಿಮಿಷಗಳಲ್ಲಿ ತನ್ನ ಸ್ಥಾನಕ್ಕೆ ಏರಿ ನಿಲ್ಲುತ್ತಿತ್ತು. ಅದು ಏರದೆ ಕೆಳಗೇ ಉಳಿದಿದ್ದರೆ ಥರ್ಮೊಸ್ಟಾಟು ತೆರೆದೇ ಸಿಕ್ಕಿಕೊಂಡು ಎಂಜಿನು ಸದಾ ತಣ್ಣಗಿದೆಯೆಂದು ತಿಳಿಯಬೇಕಾಗಿತ್ತು. ತಣ್ಣನೆಯ ಎಂಜಿನಿಗೆ ಕಂಪ್ಯೂಟರು ಹೆಚ್ಚು ಪೆಟ್ರೋಲನ್ನು ಉಣಿಸುತ್ತದೆ. ಎರಡು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಆರಿಸುವ ಚಿಕ್ಕ ಪ್ರಯಾಣಗಳು ದುಬಾರಿಯಾಗುವುದೂ ಇದರಿಂದಲೇ. ಸ್ಪಾರ್ಕ್ ಪ್ಲಗ್ಗುಗಳು ನೆಟ್ಟಗಿದ್ದವು. ಕ್ಲಚ್ಚು ಜಾರುತ್ತಿರಲಿಲ್ಲ, ಜಾರುತ್ತಿದ್ದರೆ ಏರಿನಲ್ಲಿ ಎಂಜಿನಿನ ಸದ್ದು ಏರುವುದು, ವೇಗ ಏರದು.

ಮೇಲ್ಚಾವಣಿಯ ಮೇಲಿನ ಸಾಮಾನಿನ ಕಟಕಟೆಯನ್ನು ತೆಗೆಸಬೇಕೆಂದು ಒಬ್ಬ ವಿದ್ಯಾರ್ಥಿ ಸೂಚಿಸಿದನು. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಂದು ಅವನು ಓದಿದ್ದನು, ನಿಜವೇ. ಹೆದ್ದಾರಿಯಲ್ಲಿ 50ರ ವೇಗಕ್ಕೆ ಬದಲು 100ರಲ್ಲಿ ಓಡುವವನು ನಾಲ್ಕು ಮಡಿ ಗಾಳಿಯ ತಡೆಯನ್ನು ನೂಕುತ್ತಾನೆ. 80 ಮೀರಿದ ಮೇಲೆ ಮೈಲೇಜು ಬೇಗ ಬೇಗ ಕುಸಿಯುವುದು ಈ ಕಾರಣದಿಂದ. ಆದರೆ ನಮ್ಮ ಹಳ್ಳಿಯ ಹಾದಿಗಳಲ್ಲಿ ಮಕ್ಕಳನ್ನು ಹೊತ್ತ ವ್ಯಾನು 40 ದಾಟುವುದೇ ಅಪರೂಪ. ಕಟಕಟೆಯ ಅಪರಾಧ ಇಲ್ಲಿ ನಗಣ್ಯ. ಹುಡುಗನ ಸೂತ್ರ ಸರಿ, ಗಾಡಿ ಬೇರೆ.

ಏರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದು ನಮ್ಮ ನೆಲದ ಪ್ರಶ್ನೆ. ಒಂದು ಸಾವಿರ ಕಿಲೋಗ್ರಾಮು ತೂಕದ ಗಾಡಿಯನ್ನು ನೂರು ಮೀಟರು ಎತ್ತರಕ್ಕೆ ಏರಿಸಲು ಸುಮಾರು ಹತ್ತು ಲಕ್ಷ ಜೂಲು ಬೇಕು. ಲೀಟರೊಂದರಲ್ಲಿ ಚಕ್ರಕ್ಕೆ ದೊರೆಯುವುದು 80 ಲಕ್ಷವಾದುದರಿಂದ, ನೂರು ಮೀಟರಿನ ಪ್ರತಿಯೊಂದು ಏರಿಕೆಗೂ ಎಂಟನೆಯ ಒಂದು ಲೀಟರು ಹೆಚ್ಚುವರಿಯಾಗಿ ತೆರಬೇಕು. ಬಣ್ಣಾರಿಯಿಂದ ದಿಂಬಂವರೆಗೆ 27 ಕೊಕ್ಕೆ ತಿರುವುಗಳನ್ನು ಹತ್ತಿ ಬರುವ ಪಾಲಕರು ತಮ್ಮ ಕಾರಿನ ಮೈಲೇಜನ್ನು ಜಾಹೀರಾತಿನ ಅಂಕಿಯೊಡನೆ ಹೋಲಿಸಿ ವ್ಯಸನಪಡುವುದು ವ್ಯರ್ಥ. ಆ ಅಂಕಿ ಹುಟ್ಟಿದ್ದು ಪ್ರಯೋಗಶಾಲೆಯ ಉರುಳೆಗಳ ಮೇಲೆ, ಇಪ್ಪತ್ತು ನಿಮಿಷಕ್ಕೂ ಕಡಿಮೆ ಅವಧಿಯ ಓಟದಲ್ಲಿ. ಅಲ್ಲಿ ಘಟ್ಟವಿಲ್ಲ, ಹೊಂಡವಿಲ್ಲ, ಅಡ್ಡ ಬರುವ ಆನೆಯೂ ಇಲ್ಲ.

ಏರುವಾಗ ಕಳೆದುದನ್ನು ಇಳಿಯುವಾಗ ಗಳಿಸೋಣವೆಂದು ಕೆಲವರು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಡುವುದುಂಟು. ಇದರಿಂದ ಲಾಭವೆಂಬುದು ಹಳೆಯ ಕಾಲದ ನಂಬಿಕೆ. ಇಂದಿನ ಗಾಡಿಗಳಲ್ಲಿ ಗೇರಿನಲ್ಲಿಟ್ಟುಕೊಂಡೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನನ್ನು ತಿರುಗಿಸುತ್ತಿರುವುದರಿಂದ ಕಂಪ್ಯೂಟರು ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ಗೆ ತಂದರೋ ಎಂಜಿನು ತನ್ನ ಉಸಿರು ಹಿಡಿದುಕೊಳ್ಳಲು ಪೆಟ್ರೋಲನ್ನು ಉರಿಸಲೇಬೇಕು. ಹೀಗೆ ಉಳಿತಾಯದ ಬದಲು ನಷ್ಟ. ಅದಕ್ಕಿಂತ ಘೋರವಾದುದು, ಎಂಜಿನಿನ ತಡೆ ಇಲ್ಲದೆ ಗಾಡಿಯ ಇಡೀ ಭಾರವನ್ನು ಬ್ರೇಕುಗಳೇ ಹಿಡಿಯಬೇಕಾಗಿ ಬಂದು, ಅವು ಕಾದು, ಹಿಡಿತವನ್ನೇ ಕಳೆದುಕೊಳ್ಳುವ ಅಪಾಯ. ಮನೆಯಲ್ಲಿ ಗಾಡಿಯಿರುವ ಮಕ್ಕಳು ಈ ಒಂದು ಮಾತನ್ನು ತಂದೆಯವರಿಗೆ ಓದಿ ಹೇಳಬೇಕೆಂದು ಕೋರುತ್ತೇವೆ.

ಇಷ್ಟೆಲ್ಲ ಆದರೂ ಸಾಲದಲ್ಲಿ 1.2 ಲೀಟರು ಹಾಗೆಯೇ ಉಳಿದಿತ್ತು. ದಾರಿ ತೋರಿಸಿದವರು ಚಾಲಕರೇ. ಶಾಲೆಯ ಮುಂದಿನ ಸಣ್ಣ ಇಳಿಜಾರಿನಲ್ಲಿ ಬ್ರೇಕು ಬಿಟ್ಟರೆ ಹಿಂದಿನ ವರ್ಷ ಗಾಡಿ ತಾನಾಗಿ ಉರುಳುತ್ತಿತ್ತು, ಈಗ ನೂಕಿದರೆ ಮಾತ್ರ ಕದಲುತ್ತದೆ ಎಂದು ಅವರು ಹೇಳಿದರು. ಈ ಮಾತನ್ನು ಅವರು ಜುಲೈಯಲ್ಲಿಯೇ ನಮಗೆ ಹೇಳಿದ್ದರಂತೆ. ನಾವು ಯಾವುದೋ ಕೆಲಸದ ನಡುವೆ ಕೇಳಿ ಮರೆತಿದ್ದೆವು. ಮರುದಿನ ಗಾಡಿಯನ್ನು ಹತ್ತು ಕಿಲೋಮೀಟರು ಓಡಿಸಿ, ಕೊನೆಯಲ್ಲಿ ಬ್ರೇಕು ಹೆಚ್ಚು ತುಳಿಯದೆ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಳಿ ಮುಟ್ಟದಂತೆ ಅಂಗೈ ಹಿಡಿದು ನೋಡಿದೆವು. ಮೂರು ಚಕ್ರಗಳು ಉಗುರುಬೆಚ್ಚಗಿದ್ದವು. ಹಿಂದಿನ ಎಡ ಚಕ್ರದಿಂದ ಒಲೆಯ ಮುಂದೆ ಕುಳಿತಂತೆ ಝಳ ಹೊಡೆಯುತ್ತಿತ್ತು. ಚಿಮುಕಿಸಿದ ನೀರಿನ ಹನಿ ಕ್ಷಣದಲ್ಲಿ ಆರಿಹೋಯಿತು. ಜಾಕಿಯಿಂದ ಎತ್ತಿ ತಿರುಗಿಸಿದರೆ ಬಲ ಚಕ್ರ ಸಲೀಸಾಗಿ ತಿರುಗಿತು, ಎಡದ್ದು ಅರ್ಧ ಸುತ್ತಿಗೇ ನಿಂತಿತು.

ಬಿಚ್ಚಿದಾಗ ಕಂಡದ್ದು ಇಷ್ಟೇ. ಕೈಬ್ರೇಕಿನ ತಂತಿ ತುಕ್ಕು ಹಿಡಿದು ಕವಚದೊಳಗೆ ಸಿಕ್ಕಿಕೊಂಡಿತ್ತು. ಹಿಡಿಯನ್ನು ಕೆಳಗಿಳಿಸಿದರೂ ಬ್ರೇಕಿನ ಪಟ್ಟಿ ಡ್ರಮ್ಮನ್ನು ಪೂರ್ತಿ ಬಿಡುತ್ತಿರಲಿಲ್ಲ. ಬೇಸಗೆ ರಜೆಯಲ್ಲಿ ಗಾಡಿ ಆವರಣದ ಇಳಿಜಾರಿನಲ್ಲಿ, ಮಳೆ ಬಂದಾಗ ನೆನೆಯುತ್ತ, ಒಂದೂವರೆ ತಿಂಗಳು ಕೈಬ್ರೇಕು ಎಳೆದ ಸ್ಥಿತಿಯಲ್ಲಿಯೇ ನಿಂತಿತ್ತು. ಹಾಗೆ ಬಹುಕಾಲ ನಿಲ್ಲಿಸುವಾಗ ಚಕ್ರಕ್ಕೆ ಕಲ್ಲು ಕೊಟ್ಟು, ಗೇರಿನಲ್ಲಿಟ್ಟು, ಕೈಬ್ರೇಕನ್ನು ಸಡಿಲ ಬಿಡಬೇಕು. ಮಕ್ಕಳು ಆವರಣದಲ್ಲಿ ಆಡುತ್ತಾರೆ, ಕೈಬ್ರೇಕನ್ನು ಬಿಗಿಯಾಗಿ ಎಳೆದೇ ಹೋಗಬೇಕೆಂದು ಏಪ್ರಿಲಿನಲ್ಲಿ ಚಾಲಕರಿಗೆ ಆಜ್ಞೆಯಿತ್ತವರು ನಾವೇ.

ಹತ್ತನೆಯ ತರಗತಿಯವರು ಇದರ ಲೆಕ್ಕವನ್ನೂ ಮಾಡಿದರು. 1.2 ಲೀಟರಿನಲ್ಲಿ 3.84 ಕೋಟಿ ಜೂಲು. ಚಕ್ರಕ್ಕೆ ಮುಟ್ಟಿದ ಕಾಲು ಭಾಗ 96 ಲಕ್ಷ. ಅದನ್ನು ನೂರು ಕಿಲೋಮೀಟರಿಗೆ, ಅಂದರೆ ಒಂದು ಲಕ್ಷ ಮೀಟರಿಗೆ ಭಾಗಿಸಿದರೆ 96 ನ್ಯೂಟನ್ನು. ಸುಮಾರು ಹತ್ತು ಕಿಲೋಗ್ರಾಮು ತೂಕವನ್ನು ಹಿಡಿದೆತ್ತುವಷ್ಟು ಬಲದಿಂದ ಯಾರೋ ಹಗಲೆಲ್ಲ ಗಾಡಿಯನ್ನು ಹಿಂದಕ್ಕೆ ಎಳೆಯುತ್ತಿದ್ದಂತೆ. ಗಂಟೆಗೆ 40 ಕಿಲೋಮೀಟರಿನ ವೇಗದಲ್ಲಿ ಇದು ಒಂದು ಸಾವಿರ ವಾಟಿಗೂ ಕೊಂಚ ಹೆಚ್ಚು; ಬಟ್ಟೆ ಇಸ್ತ್ರಿ ಮಾಡುವ ಪೆಟ್ಟಿಗೆಯೊಂದನ್ನು ಚಕ್ರದೊಳಗೆ ಹೊತ್ತಿಸಿಟ್ಟಂತೆ. ಚಕ್ರದ ಝಳಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅದೇ ಡ್ರಮ್ಮು ಘಟ್ಟದ ಇಳಿಜಾರಿನಲ್ಲಿ ಇನ್ನಷ್ಟು ಕಾದಿದ್ದರೆ ಏನಾಗುತ್ತಿತ್ತೆಂದು ಆ ಸಂಜೆ ನಾವು ಬಹಳ ಹೊತ್ತು ಯೋಚಿಸಿದೆವು.

ತಂತಿಯನ್ನೂ ಪಟ್ಟಿಗಳನ್ನೂ ಬದಲಾಯಿಸಿ ಪುನಃ ಮೂರು ಸಲ ತುಂಬಿಸಿ ಅಳೆದಾಗ ಲೀಟರಿಗೆ 13.2 ಬಂದಿತು. ಅಂದರೆ ನೂರು ಕಿಲೋಮೀಟರಿಗೆ 7.6 ಲೀಟರು. ಉಳಿದ ಅರ್ಧ ಲೀಟರಿನಷ್ಟು ಸಾಲ ಬೆರಕೆ ಪೆಟ್ರೋಲಿನ ಪಾಲಿಗೆ ಹೊಂದುತ್ತದೆ. ಅದನ್ನು ಯಾವ ಮೆಕ್ಯಾನಿಕನೂ ತೀರಿಸಲಾರನು.

ಅಕ್ಟೋಬರಿನ ಸಭೆಯಲ್ಲಿ ಈ ಅಂಕಿಗಳನ್ನೆಲ್ಲ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದೆವು. ಚಾಲಕರನ್ನೂ ಸಭೆಗೆ ಕರೆದು, ಕೈಬ್ರೇಕಿನ ಆಜ್ಞೆಯ ಸಂಗತಿಯನ್ನು ಅವರ ಸಮ್ಮುಖದಲ್ಲಿಯೇ ತಿಳಿಸಿದೆವು. ಇಬ್ಬರು ಸದಸ್ಯರಲ್ಲಿ ಹಿರಿಯರಾದವರು ಎದ್ದು, ತಾವು ಹಿಂದಿನ ಸಭೆಯಲ್ಲಿ ಆಡಿದ ಮಾತನ್ನು ನಡವಳಿಯಿಂದ ತೆಗೆದುಹಾಕಬೇಕೆಂದು ಕೇಳಿಕೊಂಡರು. ತೆಗೆಯುವುದು ಬೇಡ, ಅದರ ಕೆಳಗೆ ಇದನ್ನೂ ಬರೆಯಿರಿ ಎಂದು ಚಾಲಕರು ಹೇಳಿದರು. ಹಾಗೆಯೇ ಬರೆಯಲಾಯಿತು. ಈಗ ಪ್ರತಿ ಸಲ ಪೆಟ್ರೋಲು ತುಂಬಿಸಿದಾಗ ದೂರ, ಲೀಟರು, ಟೈರಿನ ಗಾಳಿ ಈ ಮೂರನ್ನು ಬರೆಯುವ ಪುಸ್ತಕವೊಂದು ಗಾಡಿಯಲ್ಲಿದೆ. ಬರೆಯುವವರು ಚಾಲಕರು, ಭಾಗಾಕಾರ ಹತ್ತನೆಯ ತರಗತಿಯದು.